ತುಂಗಮ್ಮನವರ ಒಂದೇ ಫೋಟೋ

ಪೂರ್ಣ ಜವಾಬ್ದಾರಿಯಿಂದ, ಯಾರ ಒತ್ತಡಕ್ಕೂ ಒಳಗಾಗದೆ, ನಾನು ಈ ವಿಷಯವನ್ನು ಲೋಕದ ಮುಂದಿಡುತ್ತಿದ್ದೇನೆ: ನಮ್ಮ ಊರಿನ ಗ್ರಂಥಾಲಯದ ಹಿತ್ತಿಲಲ್ಲಿ ಒಂದು ಬೋಳು ತೆಂಗಿನ ಮರವಿದೆ, ಅದರಲ್ಲಿ ನೆಲದಿಂದ ಹತ್ತು ಅಡಿ ಎತ್ತರಕ್ಕೆ ಒಂದು ತೂತಿದೆ, ಆ ತೂತು ಪೂರ್ವಕ್ಕೆ ಮುಖ ಮಾಡಿದೆ. ಸಾಮ್ರಾಜ್ಯಗಳು ಎದ್ದು ಬಿದ್ದ ಸಂಗತಿಗಳ ಪುಸ್ತಕಗಳು ನನ್ನ ಕಪಾಟುಗಳಲ್ಲಿ ಬೇಕಾದಷ್ಟಿವೆ, ಯಾರೂ ಮನೆಗೆ ಒಯ್ಯುವುದಿಲ್ಲ. ಆದರೆ ಈ ತೂತಿನ ಸಲುವಾಗಿ ಊರು ಹನ್ನೊಂದು ದಿನ ಎರಡು ಗುಂಪಾಗಿತ್ತು. ಹಾಲು ಹಾಕುವವನು ಕೂಡ ನೀವು ಯಾವ ಕಡೆ ಎಂದು ಕೇಳಿಕೊಂಡೇ ಪಾತ್ರೆಗೆ ಸುರಿಯುತ್ತಿದ್ದ. ನಾನು ಗ್ರಂಥಪಾಲಕನಾದ್ದರಿಂದ ಯಾವ ಕಡೆಯೂ ಅಲ್ಲ ಎಂದೆ. ಆ ಹನ್ನೊಂದು ದಿನ ನನ್ನ ಹಾಲು ನೀರಾಗಿತ್ತು.

ನಮ್ಮ ಊರಿನಲ್ಲಿ ಒಬ್ಬರಿಗೆ ಒಂದೇ ಫೋಟೋ. ತೆಗೆಸಿಕೊಳ್ಳುವುದಲ್ಲ, ತೆಗೆಯುವುದು. ಯಾರು ಬೇಕಾದರೂ ಎಷ್ಟು ಫೋಟೋಗಳಲ್ಲಿ ಬೇಕಾದರೂ ನಿಲ್ಲಬಹುದು. ಕ್ಯಾಮೆರಾದ ಗುಂಡಿ ಮಾತ್ರ ಒಬ್ಬರ ಬೆರಳಿಗೆ ಜನ್ಮಕ್ಕೆ ಒಂದೇ ಸಲ ಓಗೊಡುತ್ತದೆ. ಎರಡನೆಯ ಸಲ ಒತ್ತಿದರೆ ಗುಂಡಿ ಒಳಗೆ ಹೋಗಿ ಹೊರಗೆ ಬರುತ್ತದೆ, ಅಷ್ಟೆ. ಕ್ಯಾಮೆರಾ ಯಾರದಾದರೂ ಸರಿ, ಎಷ್ಟು ಹೊಸದಾದರೂ ಸರಿ. ಹಾಗಾಗಿ ನಮ್ಮಲ್ಲಿ ಜನರನ್ನು ಬೆರಳು ಇದ್ದವರು, ಬೆರಳು ಆದವರು ಎಂದು ಎರಡು ಬಗೆಯಾಗಿ ನೋಡುತ್ತಾರೆ. ಹೆಣ್ಣು ನೋಡಲು ಬಂದವರು ಹುಡುಗಿಗೆ ಹಾಡು ಬರುತ್ತದೆಯೇ ಎನ್ನುವ ಮೊದಲು ಬೆರಳು ಇದೆಯೇ ಎನ್ನುತ್ತಾರೆ. ಹದಿನೆಂಟು ತುಂಬುವ ತನಕ ಮಕ್ಕಳನ್ನು ಕ್ಯಾಮೆರಾದ ಹತ್ತಿರ ಸುಳಿಯಗೊಡುವುದಿಲ್ಲ. ಹೊರಗಿನವರನ್ನು ಕರೆಸಿ ತೆಗೆಸಬಹುದು, ಅವರಿಗೂ ಇಲ್ಲಿ ಒಂದು ಸಲ ಬರುತ್ತದೆ. ಆದರೆ ಅದಕ್ಕೆ ಕೂಲಿ ಬೆರಳು ಎನ್ನುತ್ತಾರೆ, ಮತ್ತು ಕೂಲಿ ಬೆರಳಿನಲ್ಲಿ ತೆಗೆಸಿದ ಮದುವೆಯ ಬಗ್ಗೆ ಮೂರು ತಲೆಮಾರು ಆಡಿಕೊಳ್ಳುತ್ತಾರೆ.

ಇದರಿಂದ ಆಗಿರುವುದೇನೆಂದರೆ, ಫೋಟೋ ತೆಗೆಯುವ ವಿದ್ಯೆಯಲ್ಲಿ ಇಡೀ ಊರೇ ಪಂಡಿತರ ಊರು. ಪ್ರತಿಯೊಬ್ಬರಿಗೂ ಅನುಭವವಿದೆ. ಒಂದೇ ಇದೆ, ಮತ್ತು ಅದು ಬಹುತೇಕ ತಪ್ಪಾಗಿದೆ. ನನ್ನ ಬೆರಳು ಇಪ್ಪತ್ಮೂರನೆಯ ವಯಸ್ಸಿನಲ್ಲಿ ಆಯಿತು. ಕೆರೆ ಏರಿಯ ಮೇಲೆ ನೀಲಿ ಸೀರೆಯುಟ್ಟು ಬರುತ್ತಿದ್ದ ಒಬ್ಬರನ್ನು ಹಿಡಿಯಹೋಗಿ, ನಡುವೆ ಬಂದ ಎಮ್ಮೆಯನ್ನು ಹಿಡಿದೆ. ಎಮ್ಮೆ ಚೆನ್ನಾಗಿ ಬಂದಿದೆ. ಊರಿನ ಏಕೈಕ ಸ್ಟುಡಿಯೋದ ಮುದ್ದಪ್ಪ ಬೆಳಕು, ದೂರ, ಲೆನ್ಸು ಎಲ್ಲವನ್ನೂ ಅರೆದು ಕುಡಿದವನು. ಅವನ ಬೆರಳು ಅವನದೇ ಹೆಬ್ಬೆಟ್ಟಿನ ಫೋಟೋಗೆ ಹೋಗಿದೆ. ಗಿರಾಕಿಗಳು ತಮ್ಮ ಮನೆಯ ಬೆರಳನ್ನು ಕರೆದುಕೊಂಡು ಬರುತ್ತಾರೆ, ಮುದ್ದಪ್ಪ ಎಲ್ಲವನ್ನೂ ಹೂಡಿಕೊಟ್ಟು ಪಕ್ಕದಲ್ಲಿ ಕೈಕಟ್ಟಿ ನಿಂತು ಅವರು ಕೆಡಿಸುವುದನ್ನು ನೋಡುತ್ತಾನೆ.

ತುಂಗಮ್ಮನವರಿಗೆ ಐವತ್ತೇಳು ವರ್ಷ, ಬೆರಳು ಹಾಗೇ ಇತ್ತು. ಇಪ್ಪತ್ತಾರು ವರ್ಷ ಶಾಲೆಯ ಮಕ್ಕಳಿಗೆ ಮಧ್ಯಾಹ್ನದ ಊಟ ಬೇಯಿಸಿ ಬಡಿಸಿದವರು. ಗಂಡ ತೀರಿಕೊಂಡ ಮೇಲೆ ಅಣ್ಣ ವಾಮದೇವಯ್ಯನವರ ಮನೆಯಲ್ಲಿದ್ದಾರೆ. ಅಲ್ಲಿ ಅವರನ್ನು ಬಿಟ್ಟು ಹದಿಮೂರು ಜನ, ಅಡುಗೆ ಅವರದೇ. ಬೆರಳು ಯಾಕೆ ಇಟ್ಟುಕೊಂಡಿದ್ದೀರಿ ಎಂದು ಕೇಳಿದವರಿಗೆ, "ತೆಗೆಯೋ ಅಂಥದ್ದು ಕಂಡ್ರೆ ತೆಗೀತೀನಿ ಬಿಡಿ," ಎನ್ನುತ್ತಿದ್ದರು. ವಾಮದೇವಯ್ಯನವರ ಪಾಲಿಗೆ ತಂಗಿಯ ಬೆರಳು ಅಟ್ಟದ ಮೇಲಿನ ದೊಡ್ಡ ಹಂಡೆಯ ಹಾಗೆ. ದಿನಾ ಬೇಕಾಗುವುದಿಲ್ಲ, ಆದರೆ ಮನೆಯದೇ. ಏಕೆಂದರೆ ಆ ಮನೆಯ ಉಳಿದ ದೊಡ್ಡವರ ಬೆರಳುಗಳೆಲ್ಲ ಆಗಿಹೋಗಿದ್ದವು. ಯಜಮಾನರದು ಮಗ ನಟೇಶನ ನಾಮಕರಣದ ದಿನ ಆದದ್ದು. ಸಡಗರದಲ್ಲಿ ಲೆನ್ಸಿನ ಮುಚ್ಚಳ ತೆಗೆಯುವುದು ಮರೆತಿತ್ತು. ಆ ಕಪ್ಪು ಫೋಟೋಗೆ ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದ್ದಾರೆ; ಬಂದವರಿಗೆ, "ಎಡಗಡೆ ತೊಟ್ಟಿಲಲ್ಲಿರೋನೇ ನಟೇಶ," ಎಂದು ತೋರಿಸುತ್ತಾರೆ. ಬಂದವರು ನೋಡಿ, ಅಪ್ಪನದೇ ಮೂಗು ಎನ್ನುತ್ತಾರೆ.

ತುಂಗಮ್ಮ ಮಧ್ಯಾಹ್ನದ ಪಾತ್ರೆಗಳು ಮುಗಿದ ಮೇಲೆ ಗ್ರಂಥಾಲಯಕ್ಕೆ ಬಂದು ಹಿತ್ತಿಲ ಕಡೆಯ ಕಿಟಕಿಯ ಬಳಿ ಕೂತು ವಾರಪತ್ರಿಕೆ ಓದುವವರು. ಒಂದು ದಿನ ತಲೆಯೆತ್ತಿ, "ಮೇಷ್ಟ್ರೇ, ಹಿತ್ತಿಲಿಗೆ ಬಡಗಿ ಕರೆಸಿದ್ದೀರಾ?" ಎಂದರು. ಕಪಾಟಿನ ಧೂಳಿನಲ್ಲಿ ಬದುಕುವ ನನಗೆ ಎಲ್ಲರೂ ಯಾಕೆ ಮೇಷ್ಟ್ರೇ ಎನ್ನುತ್ತಾರೋ ತಿಳಿಯದು. ಹೋಗಿ ನೋಡಿದೆ. ಬೋಳು ತೆಂಗಿಗೆ ಒಂದು ಹೊನ್ನ ಬೆನ್ನಿನ ಮರಕುಟಿಗ ಅಂಟಿಕೊಂಡು, ಕೆಂಪು ಜುಟ್ಟು ಹಾರಿಸುತ್ತ, ಕೊಟ್ಟ ಗಡುವು ಮೀರಿದ ಕೆಲಸಗಾರನ ಹಾಗೆ ಕುಟ್ಟುತ್ತಿತ್ತು. ಅಂದಿನಿಂದ ಪತ್ರಿಕೆ ತುಂಗಮ್ಮನವರ ತೊಡೆಯ ಮೇಲೆ ತೆರೆದೇ ಇರುತ್ತಿತ್ತು, ಪುಟ ಮಾತ್ರ ತಿರುಗುತ್ತಿರಲಿಲ್ಲ. ತೂತು ಆಳವಾಯಿತು. ಹೆಣ್ಣು ಬಂತು. ಮೊಟ್ಟೆಯಿಟ್ಟಿರಬೇಕು ಎಂದು ನಾವಿಬ್ಬರೂ ಅಂದುಕೊಂಡೆವು. ಆಮೇಲೆ ಒಂದು ದಿನ ಮರದೊಳಗಿನಿಂದ ಒಗ್ಗರಣೆಗೆ ಸಾಸಿವೆ ಬಿದ್ದಂಥ ಸದ್ದು ಕೇಳಿಸತೊಡಗಿತು.

"ಬಡಿಸ್ತಿದ್ದಾನೆ ಮೇಷ್ಟ್ರೇ!"

"ಯಾರು?"

"ಅಪ್ಪ. ಕೆಂಪು ಜುಟ್ಟಿನೋನು. ತಾನು ತಿಂದ್ಕೊಂಡು ಬಂದು ಗಂಟಲಿಗೇ ಇಳಿಸ್ತಾನೆ ನೋಡಿ. ತಟ್ಟೆಗಿಟ್ಟೆ ಏನೂ ಇಲ್ಲ. ನಾನೂ ಹಂಗೇ ಬಡಿಸಿದ್ದಿದ್ರೆ ಎಷ್ಟು ಪಾತ್ರೆ ತೊಳೆಯೋದು ಉಳೀತಿತ್ತು!"

ನಾನು ನೋಡಿದೆ. ಹೊಲಿಗೆ ಯಂತ್ರದ ಸೂಜಿಯ ಹಾಗೆ ಕೊಕ್ಕು ಮರಿಯ ಬಾಯೊಳಗೆ ಇಳಿದು ಏಳುತ್ತಿತ್ತು. ನನಗೆ ಭಯವಾಯಿತು, ತುಂಗಮ್ಮನವರಿಗೆ ಆಗಲಿಲ್ಲ. ಜೋರಾಗಿ ಕಿರುಚುವ ಮರಿಗೆ ಮೊದಲು ಸಿಗುತ್ತದೆ, ಮೆತ್ತಗಿನದಕ್ಕೆ ಕೊನೆಗೆ. "ಥೇಟ್ ನಮ್ಮ ಆರನೇ ಕ್ಲಾಸು," ಎಂದರು. ಆಮೇಲೆ, "ಇದನ್ನ ತೆಗೀತೀನಿ ನಾನು," ಎಂದರು.

"ಹಕ್ಕೀನಾ?"

"ಹಕ್ಕಿ ಇರ್ಲಿ, ಬಡಿಸೋದನ್ನ. ನಲವತ್ತು ವರ್ಷದಿಂದ ಬಡಿಸ್ತಾ ಇದ್ದೀನಿ ಮೇಷ್ಟ್ರೇ. ಇನ್ನೊಬ್ಬರು ಬಡಿಸೋದನ್ನ ಹಿಂಗೆ ಕೂತ್ಕೊಂಡು ನೋಡಿದ್ದು ಇದೇ ಮೊದಲು."

ಸಂಜೆಯ ಹೊತ್ತಿಗೆ ಸುದ್ದಿ ಊರಾಯಿತು. ಮಾರನೆಯ ಮಧ್ಯಾಹ್ನ ವಾಮದೇವಯ್ಯನವರು ಜನ್ಮದಲ್ಲಿ ಮೊದಲ ಬಾರಿಗೆ ಗ್ರಂಥಾಲಯದ ಬಾಗಿಲಿಗೆ ಬಂದರು. "ಇಲ್ಲಿ ಚಪ್ಪಲಿ ಬಿಡ್ಬೇಕಾ?" ಎಂದು ಕೇಳಿದರು. ಬೇಡ ಎಂದೆ. ಆದರೂ ಬಿಟ್ಟು ಒಳಗೆ ಬಂದು, ಹಿತ್ತಿಲ ಕಿಟಕಿಯ ಬಳಿ ಕೂತಿದ್ದ ತಂಗಿಯ ಎದುರು ನಿಂತರು. ಅವರ ಜವಳಿ ಅಂಗಡಿಯಲ್ಲಿ ಸೀರೆ ಬಿಡಿಸಿ ತೋರಿಸುವಾಗಲೂ ದನಿ ಬೀದಿಯ ಆ ಕೊನೆಗೆ ಕೇಳುತ್ತದೆ. ಇಲ್ಲಿ 'ಮೌನವಾಗಿರಿ' ಎಂಬ ಫಲಕದ ಕೆಳಗೆ ನಿಂತು ಅದೇ ದನಿಯಲ್ಲಿ ಶುರುಮಾಡಿದರು.

"ತುಂಗಾ, ಬರೋ ಗುರುವಾರ ನಂಗೆ ಅರವತ್ತು ತುಂಬತ್ತೆ. ಮನೆಯವರೆಲ್ಲ ಒಟ್ಟಿಗೆ ನಿಂತಿರೋದು ಒಂದು ಫೋಟೋ ಇಲ್ಲ ನಮ್ಮನೇಲಿ. ಒಂದೂ! ನಿನ್ನ ಬೆರಳನ್ನೇ ನಂಬಿಕೊಂಡು ಮುದ್ದಪ್ಪನಿಗೆ ಹೇಳಿಟ್ಟಿದ್ದೀನಿ. ನೀನು ನೋಡಿದ್ರೆ ಗುಬ್ಬಚ್ಚಿ ತೆಗೀತಾಳಂತೆ!"

"ಗುಬ್ಬಚ್ಚಿ ಅಲ್ಲ ಅಣ್ಣಾ, ಮರಕುಟಿಗ."

"ಯಾವುದೋ ಒಂದು. ಅದಕ್ಕೇನು ಅರವತ್ತು ತುಂಬ್ತಾ ಇದೆಯಾ?"

"ಎಲ್ಲರೂ ಇರ್ತೀರಾ ಫೋಟೋದಲ್ಲಿ?"

"ಎಲ್ಲರೂ. ನಮ್ಮನೇ ಅಂದ್ಮೇಲೆ ಒಬ್ಬರನ್ನೂ ಬಿಡೋ ಹಾಗಿಲ್ಲ."

"ನಾನು?"

ವಾಮದೇವಯ್ಯ ಒಂದು ಗಳಿಗೆ ತಂಗಿಯ ಮುಖವನ್ನೇ ನೋಡಿದರು. "ನೀನು ತೆಗೆಯೋಳಲ್ವೇನೇ ಹುಚ್ಚಿ," ಎಂದರು. ಎಷ್ಟು ಪ್ರೀತಿಯಿಂದ ಎಂದರೆ, ಅವರಿಗೆ ತಾವು ಏನು ಹೇಳಿದೆವೆಂದು ಗೊತ್ತಾಗಲೇ ಇಲ್ಲ. ತುಂಗಮ್ಮ ಕಿಟಕಿಯ ಕಡೆ ತಿರುಗಿದರು.

ಹೀಗೆ ಊರು ಎರಡಾಯಿತು. ಜೀವಮಾನದ ಬೆರಳನ್ನು ಹಕ್ಕಿಗೆ ಹಾಕುವುದೇ ಎಂದು ಅಣ್ಣನ ಕಡೆಯವರು. ಅವರ ಬೆರಳು, ಅವರಿಷ್ಟ ಎಂದು ಹಕ್ಕಿಯ ಕಡೆಯವರು; ಇವರಲ್ಲಿ ಬಹಳ ಜನ ವಾಮದೇವಯ್ಯನವರ ಅಂಗಡಿಯಲ್ಲಿ ಬಣ್ಣ ಬಿಡುವ ಬಟ್ಟೆ ಕೊಂಡವರಾಗಿದ್ದರು ಎಂಬುದನ್ನೂ ಹೇಳಬೇಕು. ಮುದ್ದಪ್ಪ ಮಾತ್ರ ಯಾರಿಗೂ ಹೇಳದೆ ಸ್ಟುಡಿಯೋದ ದೊಡ್ಡ ಕ್ಯಾಮೆರಾವನ್ನೂ ಮೂರು ಕಾಲಿನ ಸ್ಟ್ಯಾಂಡನ್ನೂ ಹೊತ್ತು ತಂದು, ಹಿತ್ತಿಲಲ್ಲಿ ಗೋಣಿಚೀಲದ ಮರೆ ಕಟ್ಟಿ, ಲೆನ್ಸನ್ನು ತೂತಿನತ್ತ ಹೂಡಿ, ಒಂದು ಸ್ಟೂಲು ಹಾಕಿ, "ಕೂತ್ಕೊಳ್ಳಿ ಅಮ್ಮಾ," ಎಂದ. ಮೂರು ದಿನಕ್ಕೆ ಹಕ್ಕಿಗಳಿಗೆ ಗೋಣಿ ಒಗ್ಗಿತು.

ಆಮೇಲೆ ಪಂಡಿತರು ಬರತೊಡಗಿದರು. ಒಬ್ಬೊಬ್ಬರೂ ತಮ್ಮ ಏಕೈಕ ತಪ್ಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದು ತುಂಗಮ್ಮನವರ ಮುಂದೆ ಇಟ್ಟು ಹೋಗುತ್ತಿದ್ದರು. ಸೂರ್ಯನ ಕಡೆ ಮುಖ ಮಾಡಬೇಡಿ ಎಂದು ಅಂಚೆಯವರು. ಅವರ ಫೋಟೋದಲ್ಲಿ ಬರೀ ಸೂರ್ಯನಿದ್ದಾನೆ. ಸೀನು ಬರುವ ಹಾಗಿದ್ದರೆ ಮೊದಲೇ ಸೀನಿಬಿಡಿ ಎಂದು ಬೇಕರಿಯವರು. ಅತ್ತಿಗೆ ಸರ್ವಮಂಗಳಮ್ಮ ಎದುರು ಪಕ್ಷದವರಾದರೂ ಮನಸ್ಸು ತಡೆಯದೆ ಬಂದು ಗೋಣಿಯ ಸಂದಿಯಲ್ಲಿ ಮುಖವಿಟ್ಟು, "ತುಂಗಾ, ಒತ್ತುವಾಗ ಕಣ್ಣು ಮುಚ್ಚಬೇಡ ಕಣೆ. ನಾನು ಮುಚ್ಚಿಬಿಟ್ಟಿದ್ದೆ. ಏನು ತೆಗೆದೆ ಅಂತ ನಂಗೆ ಇವತ್ತಿಗೂ ಗೊತ್ತಿಲ್ಲ," ಎಂದು ಪಿಸುಗುಟ್ಟಿ ಹೋದರು. ಅವರು ತೆಗೆದದ್ದು ಸೂರು.

ತುಂಗಮ್ಮ ಎಲ್ಲ ಕೇಳಿಸಿಕೊಂಡರು. ಆದರೆ ಒತ್ತಲಿಲ್ಲ. ದಿನಕ್ಕೆ ನಲವತ್ತು ಸಲ ಹಕ್ಕಿ ಬರುತ್ತಿತ್ತು. ಬಾಗುತ್ತಿತ್ತು, ತುತ್ತು ಇಳಿಸುತ್ತಿತ್ತು, ಹೋಗುತ್ತಿತ್ತು. ಬೆರಳು ಗುಂಡಿಯ ಮೇಲೆ ಹಾಗೇ ಇರುತ್ತಿತ್ತು. ಮುದ್ದಪ್ಪ ಹಣೆ ಚಚ್ಚಿಕೊಳ್ಳುತ್ತಿದ್ದ. "ಈಗ ಬಂದಿತ್ತಲ್ಲಮ್ಮಾ!" "ಮರಿ ಮುಖ ಪೂರ್ತಿ ಕಾಣ್ಲಿಲ್ಲ ಮುದ್ದಪ್ಪ." "ಈಗ?" "ಈಗ ಅವನು ಅವಸರದಲ್ಲಿ ಬಡಿಸಿದ. ಅಂಥದ್ದು ಬೇಡ." ಇದು ನಮ್ಮ ಊರಿನ ಹಳೆಯ ಕಾಯಿಲೆ. ಇನ್ನೂ ಒಳ್ಳೆಯದು ಬಂದೀತು ಎಂದು ಕಾಯುತ್ತ, ಬೆರಳನ್ನು ಹಾಗೇ ಉಳಿಸಿಕೊಂಡು ತೀರಿಹೋದ ಹಿರಿಯರು ಪ್ರತಿ ಮನೆಯಲ್ಲೂ ಒಬ್ಬರಿದ್ದಾರೆ. ಅವರನ್ನು ಮಡಿಕೆ ತುಂಬ ತುಪ್ಪ ಇಟ್ಟುಕೊಂಡು ಒಣರೊಟ್ಟಿ ತಿಂದವರಂತೆ ನೆನೆಯುತ್ತಾರೆ.

ಬುಧವಾರ ನನಗೆ ತಡೆಯಲಾಗಲಿಲ್ಲ. ಹಕ್ಕಿಗಳ ಪುಸ್ತಕ ತೆಗೆದುಕೊಂಡು ಹೋಗಿ ಗೋಣಿಯ ಹಿಂದೆ ಕುಕ್ಕರಗಾಲಲ್ಲಿ ಕೂತೆ. ಮರಿಗಳು ತೂತಿನ ಬಾಯಿಗೆ ಬಂದು ಇಣುಕತೊಡಗಿದವು ಎಂದರೆ ಹಾರಿಹೋಗಲು ಒಂದೆರಡು ದಿನ. ಆಗ ದೊಡ್ಡವು ಉಣಿಸುವುದನ್ನು ಕಡಿಮೆ ಮಾಡಿ ದೂರದಿಂದ ಕರೆಯುತ್ತವೆ ಎಂದು ಬರೆದಿದೆ ಎಂದೆ.

"ಪುಸ್ತಕ ಬೇಕಾ ಮೇಷ್ಟ್ರೇ ಅದಕ್ಕೆ? ನಿನ್ನೆಯಿಂದ ಆ ನುಗ್ಗೆಮರದಲ್ಲಿ ಕೂತ್ಕೊಂಡು ಬಾ ಬಾ ಅಂತಿದ್ದಾನೆ. ಬಾಯಿ ಬಿಟ್ಕೊಂಡು ಕೂತಿರೋ ಮಗೂಗೆ ತುತ್ತು ತೋರಿಸಿ ಒಂದ್ಹೆಜ್ಜೆ ಹಿಂದೆ ಸರಿದ್ರೆ ತಾನೇ ನಡ್ಕೊಂಡು ಬರತ್ತೆ." ಕ್ಯಾಮೆರಾದಿಂದ ಕಣ್ಣು ತೆಗೆಯದೆಯೇ ಹೇಳಿದರು. "ಇವತ್ತು ಆರೇ ಸಲ ಬಡಿಸಿದ್ದು. ನಾಳೆ ಒಂದೋ ಎರಡೋ."

"ಮತ್ತೆ ಯಾಕೆ ಒತ್ತುತ್ತಿಲ್ಲ ನೀವು?"

"ಒತ್ತಿಬಿಟ್ರೆ ನಾಳೆಯಿಂದ ಇಲ್ಲಿ ಯಾಕೆ ಕೂತಿದ್ದೀಯ ಅಂತಾರಲ್ಲ ಮೇಷ್ಟ್ರೇ." ನಾನು ಪುಸ್ತಕ ಮುಚ್ಚಿಕೊಂಡು ಎದ್ದೆ.

ಗುರುವಾರ ತುಂಗಮ್ಮ ಬೆಳಗಾಗುವಷ್ಟರಲ್ಲಿ ಅಣ್ಣನ ಅರವತ್ತರ ಊಟಕ್ಕೆ ಎಲ್ಲವನ್ನೂ ಬೇಯಿಸಿ ಮುಚ್ಚಿಟ್ಟು ಏಳಕ್ಕೆ ಬಂದು ಕೂತಿದ್ದರು. ಹಕ್ಕಿ ನುಗ್ಗೆಮರದಲ್ಲಿತ್ತು. ತೂತಿನಲ್ಲಿ ಒಂದು ಮರಿ ಪೂರ್ತಿ ತಲೆ ಹೊರಗೆ ಹಾಕಿ, ಕೆಳಗೆ ನೋಡಿ, ಹೆದರಿ, ಮತ್ತೆ ಒಳಗೆ ಹೋಗುತ್ತಿತ್ತು. ಎಂಟಾಯಿತು, ಒಂದು ಸಲವೂ ಬಡಿಸಿರಲಿಲ್ಲ. ಎಂಟೂಕಾಲಿಗೆ ಗೇಟಿನ ಬಳಿ ಸದ್ದಾಯಿತು. ವಾಮದೇವಯ್ಯನವರು ಜರಿಪೇಟ ಸುತ್ತಿ, ರೇಷ್ಮೆ ಪಂಚೆಯುಟ್ಟು ಬರುತ್ತಿದ್ದರು. ಹಿಂದೆ ಸರ್ವಮಂಗಳಮ್ಮ, ನಟೇಶ, ಅವನ ಹೆಂಡತಿ, ತಮ್ಮಂದಿರು, ಸೊಸೆಯರು, ಕಂಕುಳಲ್ಲಿ ಕೂಸು, ಒಟ್ಟು ಹದಿಮೂರು ಜನ, ಇಡೀ ಮನೆಯೇ ಇಸ್ತ್ರಿಯಾಗಿ ಬಂದಿತ್ತು.

"ಸ್ಟುಡಿಯೋಗೆ ನೀನು ಬರಲ್ಲ. ಸರಿ, ನಾವೇ ಬಂದ್ವಿ," ಎಂದರು ವಾಮದೇವಯ್ಯ. "ಎಲ್ಲಿ ನಿಲ್ಬೇಕು ಹೇಳು."

"ಹಕ್ಕಿ ಹೆದರ್ಕೊಳ್ಳತ್ತೆ ಅಣ್ಣಾ."

"ಹೆದರ್ಲಿ! ನಾನು ಅರವತ್ತು ವರ್ಷದವನು ಹೆದರ್ಕೊಂಡಿದ್ದೀನಿ, ಫೋಟೋ ಬರತ್ತೋ ಇಲ್ವೋ ಅಂತ."

ಆಗ ಮುದ್ದಪ್ಪನ ತಲೆಯಲ್ಲಿ ಆ ವಿಚಾರ ಹುಟ್ಟಿತು. ಕ್ಯಾಮೆರಾವನ್ನು ಹಿಂದೆ ಸರಿಸಿದರೆ, ಲೆನ್ಸು ಬದಲಿಸಿದರೆ, ಮನೆಯವರೆಲ್ಲ ತೆಂಗಿನ ಮರದ ಬುಡದಲ್ಲಿ ನಿಂತರೆ, ಕೆಳಗೆ ಸಂಸಾರ, ಮೇಲೆ ತೂತು, ಎರಡೂ ಒಂದರಲ್ಲೇ ಬರುತ್ತವೆ. "ಒಂದೇ ಬೆರಳು, ಎರಡು ಸಂಸಾರ," ಎಂದ. ವಾಮದೇವಯ್ಯ ಮರವನ್ನು ಕೆಳಗಿನಿಂದ ಮೇಲಕ್ಕೆ ನೋಡಿದರು. ತಮ್ಮ ಅರವತ್ತರ ಫೋಟೋದಲ್ಲಿ ತಮಗಿಂತ ಮೇಲೆ ಯಾರೋ ಇರುತ್ತಾರೆ ಎಂಬುದು ಅವರಿಗೆ ರುಚಿಸಲಿಲ್ಲ. ಆದರೂ ಒಪ್ಪಿದರು. ಒಂದು ಷರತ್ತು ಹಾಕಿದರು: ಎಲ್ಲರೂ ಕ್ಯಾಮೆರಾವನ್ನೇ ನೋಡುತ್ತಿರುವಾಗ ಒತ್ತಬೇಕು. ತುಂಗಮ್ಮ ಇನ್ನೊಂದು ಹಾಕಿದರು: ಹಕ್ಕಿ ಬಡಿಸುತ್ತಿರುವಾಗ ಒತ್ತುತ್ತೇನೆ. ಎರಡೂ ಸರಿಯಾಗಿಯೇ ಇವೆ ಎಂದು ಎಲ್ಲರಿಗೂ ಅನ್ನಿಸಿತು.

"ಹಕ್ಕಿ ಬರ್ಬೇಕು ಅಂದ್ರೆ ಅಲ್ಲಾಡೋ ಹಾಗಿಲ್ಲ, ಮಾತೂ ಇಲ್ಲ," ಎಂದರು ತುಂಗಮ್ಮ. ಶಾಲೆಯಲ್ಲಿ ಪಂಕ್ತಿ ಕೂರಿಸುತ್ತಿದ್ದ ದನಿ ಅದು. ಹದಿಮೂರು ಜನರೂ ಕೈಕಟ್ಟಿ ನಿಂತರು.

ಊರಿನ ಅತ್ಯಂತ ಗದ್ದಲದ ಮನೆ ನಲವತ್ತು ನಿಮಿಷ ನನ್ನ ಹಿತ್ತಿಲಲ್ಲಿ ಕಂಬಗಳ ಹಾಗೆ ನಿಂತದ್ದನ್ನು ನಾನು ಕಿಟಕಿಯಿಂದ ಕಣ್ಣಾರೆ ಕಂಡಿದ್ದೇನೆ. ಕಾಂಪೌಂಡಿನ ಆಚೆ ಎರಡೂ ಕಡೆಯವರು ಸೇರಿದ್ದರು, ಅವರೂ ಉಸಿರೆತ್ತಲಿಲ್ಲ. ಬೋಳು ಮರದ ಕೆಂಜಿಗ ಇರುವೆಗಳಿಗೆ ವಾಮದೇವಯ್ಯನವರ ಪಂಚೆ ಹೊಸ ದಾರಿಯಾಯಿತು. ಒಂದು ಹತ್ತಿತು. ಅವರ ಎಡಗಣ್ಣು ಕಿರಿದಾಯಿತು. ಇನ್ನೊಂದು ಹತ್ತಿತು. ಹುಬ್ಬು ಮೇಲೆ ಹೋಗಿ ಪೇಟದೊಳಗೆ ಸೇರಿಕೊಂಡಿತು. ಆದರೆ ಮನುಷ್ಯ ಕದಲಲಿಲ್ಲ. ಅವರ ಮೇಲೆ ನನಗೆ ಗೌರವ ಹುಟ್ಟಿದ್ದು ಆಗಲೇ. ಕೂಸು ಕೂಡ ಬೆರಳು ಚೀಪುತ್ತ ಕ್ಯಾಮೆರಾವನ್ನು ನೋಡುತ್ತಿತ್ತು. ಹದಿಮೂರು ಜೋಡಿ ಕಣ್ಣು, ಒಂದೂ ಮುಚ್ಚಿಲ್ಲ, ಒಂದೂ ಅತ್ತಿತ್ತ ಇಲ್ಲ. ಇಂಥದ್ದು ನಮ್ಮ ಊರಿನಲ್ಲಿ ಎಂದೂ ನಡೆದಿರಲಿಲ್ಲ. ಮುದ್ದಪ್ಪನ ಕಣ್ಣು ತುಂಬಿಬಂತು.

ವಾಮದೇವಯ್ಯನವರಿಗೂ ಅದು ಗೊತ್ತಾಯಿತು. ತುಟಿ ಅಲ್ಲಾಡಿಸದೆ ಹೇಳಿದರು: "ತುಂಗಾ, ಒತ್ತೇ. ಎಲ್ಲರೂ ನೋಡ್ತಿದ್ದಾರೆ. ಇಂಥ ಹೊತ್ತು ಮತ್ತೆ ಸಿಗಲ್ಲ."

ತುಂಗಮ್ಮನವರ ಬೆರಳು ಗುಂಡಿಯ ಮೇಲೆ ಕೂದಲೆಳೆಯಷ್ಟು ಇಳಿದದ್ದನ್ನು ನಾನು ನೋಡಿದೆ. ಮತ್ತೆ ಎದ್ದಿತು. "ಹಕ್ಕಿ ಬರ್ಲಿ ಅಣ್ಣಾ."

"ಬರಲ್ಲ ಅದು. ಆಗ್ಲೇ ನಿಲ್ಲಿಸಿಬಿಟ್ಟಿದೆ ಅಂತ ನಿಮ್ಮ ಮೇಷ್ಟ್ರೇ ಹೇಳ್ತಾ ಇದ್ರು." ಹಿಂದಿನ ಸಂಜೆ ಬೀದಿಯಲ್ಲಿ ಹಾಗೆ ಹೇಳಿದವನು ನಾನೇ, ತಲೆ ತಗ್ಗಿಸಿದೆ. "ಇಪ್ಪತ್ತೆರಡು ವರ್ಷ ನನ್ನ ಮನೇಲಿ ಇದ್ದೀಯ ತುಂಗಾ. ಒಂದು ಫೋಟೋ ಕೇಳಿದ್ದೀನಿ."

"ಇಪ್ಪತ್ತೆರಡು ವರ್ಷ ಬಡಿಸಿದ್ದೀನಿ ಅಣ್ಣಾ. ಒಂದು ಫೋಟೋ ಇಟ್ಕೊಂಡಿದ್ದೀನಿ."

ಜೋರಾಗಿ ಹೇಳಲಿಲ್ಲ. ಸಾರಿಗೆ ಉಪ್ಪು ಸಾಕಾ ಎಂದು ಕೇಳುವಷ್ಟೇ ಮೆಲ್ಲಗೆ ಹೇಳಿದರು. ವಾಮದೇವಯ್ಯನವರ ಮುಖದಲ್ಲಿ ಇರುವೆಗಳಿಗೆ ಸಂಬಂಧಪಡದ ಏನೋ ಒಂದು ಹಾದುಹೋಯಿತು. ಮರದ ಬುಡದಲ್ಲಿ ಸೆಟೆದು ನಿಂತುಕೊಂಡರು.

ಮೇಲೆ ಮರಿ ಕಿರುಚಿತು. ನುಗ್ಗೆಮರದಿಂದ ಹೊನ್ನ ಬಣ್ಣದ ಗೆರೆಯೊಂದು ಏಳುತ್ತ ಬೀಳುತ್ತ ಬಂದು ಬೋಳು ತೆಂಗಿಗೆ ಪಟ್ಟನೆ ಅಂಟಿಕೊಂಡಿತು. ಮರಿ ಅರ್ಧ ಮೈಯನ್ನು ಹೊರಗೆ ಚೆಲ್ಲಿ ಬಾಯಿ ತೆರೆಯಿತು. ಅದರ ತಲೆಯ ಮೇಲೆ ಇನ್ನೊಂದು, ಮೆತ್ತಗಿನದು, ಕೊಕ್ಕಿನ ತುದಿಯಷ್ಟೇ ತೋರಿಸಿತು. ಜುಟ್ಟಿನ ಹಕ್ಕಿ ಜೋರಿನದನ್ನು ಬಿಟ್ಟು, ಕತ್ತು ಚಾಚಿ, ಮೆತ್ತಗಿನದಕ್ಕೆ ಬಾಗಿತು. ಅವಸರ ಮಾಡಲಿಲ್ಲ.

ಸದ್ದಾಯಿತು. ಸಣ್ಣ ಸದ್ದು. ತುಂಗಮ್ಮ ಕೈ ತೆಗೆದು ಮಡಿಲಲ್ಲಿಟ್ಟುಕೊಂಡರು.

"ತೆಗೆದ್ಯಾ?" ಎಂದರು ವಾಮದೇವಯ್ಯ. ಅವರ ಮುಖ ಇನ್ನೂ ಆಕಾಶಕ್ಕಿತ್ತು.

"ತೆಗೆದೆ."

"ನಾವೆಲ್ಲ ಮೇಲೆ ನೋಡ್ತಾ ಇದ್ವಲ್ಲೇ!"

"ಹೌದು."

ಎರಡು ದಿನದ ಮೇಲೆ ಮುದ್ದಪ್ಪ ಫೋಟೋ ತೊಳೆದು ಒಣಗಿಸಿ ಸ್ಟುಡಿಯೋದ ಮೇಜಿನ ಮೇಲೆ ಇಟ್ಟ. ಮನೆಯವರೆಲ್ಲ ಸುತ್ತ ನಿಂತರು, ನಾನೂ ಹೋಗಿದ್ದೆ. ಯಾರೂ ಕ್ಯಾಮೆರಾ ನೋಡುತ್ತಿಲ್ಲ. ಕತ್ತುಗಳು ಹಿಂದಕ್ಕೆ ಬಾಗಿವೆ, ಗದ್ದಗಳು ಸಾಲಾಗಿ ಮೇಲೆದ್ದಿವೆ, ಬಾಯಿಗಳೆಲ್ಲ ತೆರೆದಿವೆ. ವಾಮದೇವಯ್ಯನವರ ಪೇಟ ಹಿಂದಕ್ಕೆ ಜಾರುತ್ತಿದೆ, ಹಿಡಿದುಕೊಳ್ಳಬೇಕೆಂದು ಅವರಿಗೆ ತೋಚಿಲ್ಲ. "ನನ್ನ ಮೂಗುತಿ ಕಾಣತ್ತೆ," ಎಂದರು ಸರ್ವಮಂಗಳಮ್ಮ. ನಟೇಶ ತಾನು ಯಾವುದು ಎಂದು ಹುಡುಕಿದ. ವಾಮದೇವಯ್ಯ ಬಹಳ ಹೊತ್ತು ನೋಡಿ, "ನನ್ನ ಬಾಯಲ್ಲಿ ಹಲ್ಲು ಕಮ್ಮಿ ಇದೆ ಅಂತ ಇಡೀ ಊರಿಗೆ ಗೊತ್ತಾಯ್ತು," ಎಂದರು. ಬೈಯಲಿಲ್ಲ. ಮುದ್ದಪ್ಪನಿಗೆ, ದೊಡ್ಡ ಅಳತೆಯಲ್ಲಿ ಎರಡು ಪ್ರತಿ ಮಾಡು, ಒಂದು ತುಂಗಂದು ಎಂದರು.

ಹೊರಗೆ ಬಂದಾಗ ನಾನು ತುಂಗಮ್ಮನವರನ್ನು ಕೇಳಿದೆ: ಅಂದುಕೊಂಡ ಹಾಗೆ ಬಂತೇ ಎಂದು.

"ಅದಕ್ಕಿಂತ ಚೆನ್ನಾಗಿ ಬಂತು ಮೇಷ್ಟ್ರೇ," ಎಂದರು. "ನಮ್ಮನೆಯವರು ಅಷ್ಟೂ ಜನ ಬಾಯಿ ತೆಗೆದಿದ್ರು. ಒಬ್ಬರೂ ನನ್ನ ಏನೂ ಕೇಳ್ತಿರ್ಲಿಲ್ಲ."

ಮರಿಗಳು ಶುಕ್ರವಾರ ಬೆಳಿಗ್ಗೆಯೇ ಹಾರಿಹೋಗಿದ್ದವು. ಫೋಟೋದಲ್ಲಿ ಹದಿಮೂರು ಜನ, ಒಂದು ಗಂಡು ಮರಕುಟಿಗ, ಒಂದೂವರೆ ಮರಿ ಇವೆ.